ಹುಣಸೆ ಮರವೇರಿದ ಹುಂಜ

ಯುಗಾದಿಯ ಬೆಳಿಗ್ಗೆ ದೇವೀರಮ್ಮನವರ ಹುಂಜ ಊರಮುಂದಿನ ಹುಣಸೆ ಮರವೇರಿ, ಹೆಜ್ಜಾರ್ಲೆಯ ಗೂಡಿನ ಪಕ್ಕದಲ್ಲಿ ಗಂಭೀರವಾಗಿ ಕೂತಿತು. ಮಾರನೆಯ ದಿನ ಹೊಸತೊಡಕು, ಊರಿಗೆಲ್ಲ ಬಾಡೂಟ. ಆ ದಿನ ಊರಿನ ಒಲೆಗಳ ಮೇಲೆ ಏನು ಬೇಯುತ್ತದೆ ಎಂಬುದು ಅದಕ್ಕೆ ಗೊತ್ತಿತ್ತು.

“ಏನಯ್ಯಾ, ಇಷ್ಟು ದೂರ?” ಎಂದಿತು ಹೆಜ್ಜಾರ್ಲೆ.

“ಈ ಮರದ ಮೇಲಿರುವ ಯಾವ ಹಕ್ಕಿಯನ್ನೂ ಮುಟ್ಟಬಾರದೆಂದು ಊರಿನವರೇ ಕಟ್ಟು ಮಾಡಿದ್ದಾರೆ. ನಾನೂ ಹಕ್ಕಿಯೇ ತಾನೆ?”

“ಹಾಗಾದರೆ ನಾಳಿದ್ದಿನವರೆಗೆ ಬಾಯಿ ಮುಚ್ಚಿಕೊಂಡು ಕೂತಿರು.”

ಅಷ್ಟರಲ್ಲಿ ದೇವೀರಮ್ಮ ಕೋಳಿ ಮುಚ್ಚುವ ಮಂಕರಿ ಹಿಡಿದು ಬಂದರು. “ಇಳಿಯೋ ನನ್ನಪ್ಪಾ, ರಾಗಿ ಹಾಕ್ತೀನಿ.”

“ಹಕ್ಕಿ ಕಾಯುವ ಸಮಿತಿಗೆ ತಾವೇ ಅಲ್ಲವೇ ತಾಯೀ, ಅಧ್ಯಕ್ಷರು?” ಎಂದಿತು ಹುಂಜ.

ದೇವೀರಮ್ಮ ಮಂಕರಿಯನ್ನು ಪಕ್ಕಕ್ಕಿಟ್ಟರು. ಮರದ ಬುಡದಲ್ಲೇ ಕೂತರು.

ಆಗ ಹಕ್ಕಿ ಎಣಿಸುವ ಮೇಷ್ಟ್ರು ಬಂದು ದುರ್ಬೀನು ಎತ್ತಿದರು. ಹೆಜ್ಜಾರ್ಲೆಯನ್ನು ಬರೆದುಕೊಂಡರು, ಬಣ್ಣದ ಕೊಕ್ಕರೆಗಳನ್ನು ಬರೆದುಕೊಂಡರು. ಹುಂಜ ಎದೆಯುಬ್ಬಿಸಿತು, ಅನುಕೂಲವಾಗಲೆಂದು ಪಕ್ಕಕ್ಕೂ ತಿರುಗಿ ತೋರಿಸಿತು. ಮೇಷ್ಟ್ರು ಪುಸ್ತಕ ಮುಚ್ಚಿದರು.

“ನನ್ನನ್ನು ಬರೆಯಲೇ ಇಲ್ಲವಲ್ಲ, ಸ್ವಾಮೀ!”

“ಕೋಳಿಯನ್ನು ಯಾರಾದರೂ ಬರೆಯುತ್ತಾರೇನಪ್ಪಾ?”

“ಬಿಟ್ಟುಬಿಡು, ಕೂತಿರು” ಎಂದಿತು ಹೆಜ್ಜಾರ್ಲೆ.

“ಇದು ಮಾನದ ಪ್ರಶ್ನೆ” ಎಂದ ಹುಂಜ ನೆಲಕ್ಕೆ ಹಾರಿ, ಮೇಷ್ಟ್ರ ಮುಂದೆ ನಿಂತು, ಜುಟ್ಟಿನಿಂದ ಆರಂಭಿಸಿ ತನ್ನ ವರ್ಣನೆಯನ್ನು ತಾನೇ ಒಪ್ಪಿಸತೊಡಗಿತು. ಬಾಲದವರೆಗೆ ಬರುವಷ್ಟರಲ್ಲಿ ಮೇಲಿಂದ ಮಂಕರಿ ಕವುಚಿಕೊಂಡಿತು.

ಮಾರನೆಯ ದಿನ ದೇವೀರಮ್ಮನವರ ಮನೆಯಲ್ಲಿ ಮುದ್ದೆಯೂಟ ಮುಗಿಸಿದ ಮೇಷ್ಟ್ರು, ಕೈ ತೊಳೆದು ಬಂದು, ಪುಸ್ತಕ ತೆರೆದು, ಆ ಹುಂಜನ ಬಗ್ಗೆ ಇಡೀ ಒಂದು ಪುಟ ಬರೆದರು.