ಉಪ್ಪು ಕಾಣದ ಮಂಜುಗಡ್ಡೆ

"ಗುರುಗಳೇ, ಎರಡು ವರ್ಷ ಮೌನದಲ್ಲಿದ್ದು ಮನಸ್ಸನ್ನು ತಣ್ಣಗೆ ಮಾಡಿಕೊಂಡಿದ್ದೇನೆ. ನಾಳೆಯಿಂದ ಜಗಲಿಯಲ್ಲಿ ಕುಳಿತು ಬಂದವರ ಕಷ್ಟ ಕೇಳು ಎನ್ನುತ್ತೀರಿ. ಅವರ ಅಳು, ಜಗಳ, ಕೋರ್ಟು ಕಚೇರಿಯ ಮಾತುಗಳ ನಡುವೆ ಈ ತಂಪು ಕರಗಿಹೋದರೆ? ಇದನ್ನು ಕಾಪಾಡಿಕೊಳ್ಳುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಚೈತ್ರದ ಬಿಸಿಲು. ಗುರುಗಳು ಬೀಸಣಿಗೆಯನ್ನು ಕೆಳಗಿಟ್ಟು ಹೇಳತೊಡಗಿದರು.

ಒಂದು ಊರಿನಲ್ಲಿ ಐಸ್‌ಕ್ರೀಮ್ ಮಾಡುವ ಒಬ್ಬ ಮುದುಕಿ ಇದ್ದಳು. ತೀರಿಕೊಂಡ ಗಂಡ ಉಳಿಸಿಹೋದ ಆಸ್ತಿ ಎಂದರೆ ಒಂದು ಮರದ ಪೀಪಾಯಿ, ಅದರೊಳಗೆ ಕೂರುವ ಒಂದು ತವರದ ಡಬ್ಬಿ, ಡಬ್ಬಿಯನ್ನು ತಿರುಗಿಸುವ ಒಂದು ಹಿಡಿಕೆ. ಡಬ್ಬಿಯಲ್ಲಿ ಹಾಲು, ಡಬ್ಬಿಯ ಸುತ್ತ ಜಜ್ಜಿದ ಮಂಜುಗಡ್ಡೆ. ಬೇಸಿಗೆಯಲ್ಲಿ ದಿನಾ ಮೂರು ಗಂಟೆಗೆ ಅವಳ ಬಾಗಿಲು ತೆರೆಯುತ್ತಿತ್ತು. ನಲವತ್ತು ಬೇಸಿಗೆ ಆ ಬಾಗಿಲಲ್ಲಿ ಯಾರೂ 'ಇಲ್ಲ' ಎಂಬ ಮಾತು ಕೇಳಿರಲಿಲ್ಲ. ಇಷ್ಟು ತಪ್ಪದೆ ಕೆಲಸಕ್ಕೆ ಬರುವವನು ಆ ಊರಿನಲ್ಲಿ ಇನ್ನೊಬ್ಬನಿದ್ದ. ಅವನು ಸೂರ್ಯ. ಅವನಿಂದಲೇ ಇವಳ ವ್ಯಾಪಾರ.

ಮಗ ಲಾರಿ ಓಡಿಸುತ್ತಿದ್ದ. ತಿಂಗಳಿಗೆ ಎರಡು ಸಲ ಮನೆಗೆ ನೆಂಟನಂತೆ ಬರುತ್ತಿದ್ದ. ಸೊಸೆ ಬಂದು ಮೂರು ವರ್ಷವಾಗಿತ್ತು. ಅವಳ ಕೆಲಸವೆಲ್ಲ ಒಳಗೆ, ಒಲೆಯ ಮುಂದೆ. ಹಾಲು ಇಂಗಿಸಬೇಕು, ಸಕ್ಕರೆ ಬೆರೆಸಬೇಕು, ಏಲಕ್ಕಿ ಕುಟ್ಟಬೇಕು. ಅವಳ ತವರಿನಲ್ಲಿ ಕುಡಿಯುವ ನೀರನ್ನು ಎರಡು ಮೈಲಿಯಿಂದ ಹೊತ್ತು ತರುತ್ತಿದ್ದರು. ಅಕ್ಕಿ ತೊಳೆದ ನೀರಿಗೂ ಆ ಮನೆಯಲ್ಲಿ ಮೂರು ಜನ್ಮಗಳಿದ್ದವು. ಯಾವುದು ಪೋಲಾದರೂ ಅವಳ ಕರುಳು ಚುರ್ ಎನ್ನುತ್ತಿತ್ತು. ಈ ಮನೆಯಲ್ಲಿ ದಿನಾ ಚುರ್ ಎನ್ನುತ್ತಿದ್ದುದು ಒಂದು ಕಾರಣಕ್ಕೆ. ಅತ್ತೆ ಪೀಪಾಯಿಯೊಳಗೆ ಬೊಗಸೆಗಟ್ಟಲೆ ಹರಳುಪ್ಪು ಸುರಿಯುತ್ತಿದ್ದಳು. ಉಪ್ಪು ಬಿದ್ದೊಡನೆ ಒಳ್ಳೆಯ ಮಂಜುಗಡ್ಡೆ ಕರಗಿ, ನೀರಾಗಿ, ಮೋರಿಯ ಪಾಲಾಗುತ್ತಿತ್ತು. ಸೊಸೆ ಏನೂ ಹೇಳಿರಲಿಲ್ಲ. ಮೂರು ವರ್ಷದ ಸೊಸೆ ಅತ್ತೆಗೆ ಉಪ್ಪಿನ ವಿಷಯದಲ್ಲಿ ಬುದ್ಧಿ ಹೇಳುವ ಪದ್ಧತಿ ಯಾವ ಊರಿನಲ್ಲೂ ಇಲ್ಲ.

ಆ ಬೇಸಿಗೆಯಲ್ಲಿ ಮುದುಕಿ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಳು. ಸುದ್ದಿ ತಿಳಿದವರಲ್ಲಿ ಮೊದಲು ನೋಡಲು ಬಂದವನು ದೊಡ್ಡ ಕಂಪನಿಯೊಂದರ ಏಜೆಂಟ್. ಗಾಜಿನ ಪೆಟ್ಟಿಗೆ ತಂದಿಡುತ್ತೇವೆ, ನಮ್ಮ ಮಾಲು ಮಾರಿ, ಪೀಪಾಯಿಯನ್ನು ಅಟ್ಟಕ್ಕೆ ಹಾಕಿ ಎಂದು ಬಹಳ ಮರುಕದಿಂದ ಹೇಳಿದ.

ಮುದುಕಿ ಸೊಸೆಯ ಕಡೆ ತಿರುಗಿದಳು. "ನಾಳೆ ಸಂತೆ. ನೀನೊಬ್ಬಳೇ ಒಂದು ಡಬ್ಬಿ ತಿರುಗಿಸು. ಗಟ್ಟಿಯಾದರೆ ಇನ್ನು ಮುಂದೆ ಹಿಡಿಕೆ ನಿನ್ನದು. ಆಗದಿದ್ದರೆ ಇವರ ಕಾಗದಕ್ಕೆ ಒತ್ತುತ್ತೇನೆ. ಹೆಬ್ಬೆಟ್ಟಿಗೆ ಎಡಗೈಯೇ ಸಾಕು."

ಮರುದಿನ ಮಂಜುಗಡ್ಡೆ ಅರ್ಧವೇ ಬಂತು. ಕಾರ್ಖಾನೆಯಲ್ಲಿ ಕರೆಂಟ್ ಇರಲಿಲ್ಲವಂತೆ. ಅತ್ತೆ ಕೈಯ ಕಟ್ಟು ಬದಲಿಸಿಕೊಳ್ಳಲು ಹೋಗಿದ್ದಳು. ಸೊಸೆ ಆ ಅರ್ಧ ಗಡ್ಡೆಯ ಮುಂದೆ ನಿಂತು ಯೋಚಿಸಿದಳು. ಇರುವುದೇ ಇಷ್ಟು. ಉಪ್ಪು ಹಾಕಿದರೆ ಇದು ಕರಗುತ್ತದೆ. ಆದ್ದರಿಂದ ಉಪ್ಪು ಹಾಕಬಾರದು. ಈ ತರ್ಕದಲ್ಲಿ ಯಾವ ಪಂಡಿತನೂ ದೋಷ ಹುಡುಕಲಾರ.

ಅವಳು ಗಡ್ಡೆಯನ್ನು ಜಜ್ಜಿ ಡಬ್ಬಿಯ ಸುತ್ತ ತುಂಬಿದಳು. ಮೇಲೆ ಗೋಣಿತಾಟು ಹೊದಿಸಿದಳು. ಬಿಸಿಲು ಬೀಳದಂತೆ ಕಿಟಕಿ ಮುಚ್ಚಿದಳು. ಒಂದು ಗಂಟೆಯಿಂದ ಹಿಡಿಕೆ ತಿರುಗಿಸಿದಳು. ಅಂಗೈಯಲ್ಲಿ ಬೊಬ್ಬೆ ಎದ್ದಿತು, ಒಡೆಯಿತು. ಎರಡು ಗಂಟೆ ದಾಟಿದ ಮೇಲೆ ಮುಚ್ಚಳ ತೆಗೆದು ನೋಡಿದಳು. ಒಳಗೆ ಹಾಲಿತ್ತು. ತಣ್ಣಗಿನ ಹಾಲು, ಆದರೆ ಹಾಲು. ಹೊರಗೆ ಸಂತೆಯ ಜನ ಒಬ್ಬೊಬ್ಬರಾಗಿ ಸೇರುತ್ತಿದ್ದರು. ಬೆಂಚಿನ ಮೇಲೆ ಎಲ್ಲರಿಗಿಂತ ಮುಂದೆ ಏಜೆಂಟ್ ಕುಳಿತಿದ್ದ. ಕಾಗದ ಅವನ ಜೇಬಿನಲ್ಲಿತ್ತು.

ಆಗ ಅತ್ತೆ ಬಂದಳು. ಗೋಣಿತಾಟು ಎತ್ತಿ ನೋಡಿದಳು.

"ಆಹಾ, ಎಷ್ಟು ಚೆನ್ನಾಗಿ ಕಾಪಾಡಿದ್ದೀಯೇ! ಒಂದು ಚೂರೂ ಕರಗಿಲ್ಲ. ಉಪ್ಪೆಲ್ಲಿ?"

"ಹಾಕಿದರೆ ನೀರಾಗಿಬಿಡುತ್ತದಲ್ಲ ಅತ್ತೆ. ಬಂದಿರುವುದೇ ಅರ್ಧ ಐಸು."

"ಮತ್ತೆ ಅದನ್ನು ತರಿಸಿದ್ದು ಯಾತಕ್ಕೆ ತಾಯಿ, ಮೆರವಣಿಗೆ ಮಾಡುವುದಕ್ಕೇ? ಅದು ತನ್ನ ತಂಪನ್ನು ತಾನೇ ಇಟ್ಟುಕೊಂಡು ಕೂತರೆ ಹಾಲಿಗೆ ಸಿಗುವುದೇನು?"

"ಈ ಅರ್ಧ ಸಾಕಾಗುತ್ತದೆಯೇ ಅತ್ತೆ?"

"ಪೂರ್ತಿ ಕರಗಿದರೆ ಸಾಕು" ಎಂದಳು ಮುದುಕಿ. ಎಡಗೈಯಿಂದ ಉಪ್ಪು ತೆಗೆದು ಸುರಿದಳು.

ಮಂಜುಗಡ್ಡೆ ಚಟಚಟ ಎಂದಿತು. ಕುಸಿಯಿತು. ಸೊಸೆ ಹಿಡಿಕೆ ತಿರುಗಿಸಿದಳು. ಸ್ವಲ್ಪ ಹೊತ್ತಿನಲ್ಲಿ ಡಬ್ಬಿಯ ಮೈಮೇಲೆ ಮಂಜಿನ ಬಿಳಿಯ ಹುಡಿ ಮೂಡಿತು. ಹೊರಗೆ ಕಾಗೆಗಳು ಬಾಯಿ ತೆರೆದು ಏದುಸಿರು ಬಿಡುವ ಬಿಸಿಲು. ಇಲ್ಲಿ, ಕೈಯಳತೆಯಲ್ಲಿ, ಮುಟ್ಟಿದರೆ ಬೆರಳು ಅಂಟಿಕೊಳ್ಳುವ ಚಳಿ. ಗಡ್ಡೆ ಇಳಿದಷ್ಟೂ ಹಿಡಿಕೆ ಭಾರವಾಯಿತು. ಅತ್ತೆ ಮಾತು ನಿಲ್ಲಿಸಿದಳು. ಹಿಡಿಕೆ ಭಾರವಾಗುವ ಹೊತ್ತಿಗೆ ಆ ಮನೆಯಲ್ಲಿ ಮಾತನಾಡಬಾರದೆಂಬುದು ಮಾವನ ಕಾಲದ ನಿಯಮ. ಒಲೆಯ ಮುಂದಿದ್ದ ಸೊಸೆ ಮೂರು ವರ್ಷವೂ ಈ ಮೌನವನ್ನು ಅತ್ತೆಯ ದಿನನಿತ್ಯದ ಸಿಟ್ಟು ಎಂದು ತಿಳಿದಿದ್ದಳು.

ಮೂರು ಗಂಟೆಗೆ ಎರಡು ನಿಮಿಷವಿರುವಾಗ ಹಿಡಿಕೆ ನಿಂತುಬಿಟ್ಟಿತು. ಮುಚ್ಚಳ ತೆಗೆದರು. ಹಾಲು ಎದ್ದು ನಿಂತಿತ್ತು. ಸೌಟು ಊರಿದರೆ ಸೌಟೂ ನಿಂತಿತು. ಸೊಸೆಯ ಕೈಗಳು ತಾವಾಗಿ ಕೂಡಿಕೊಂಡವು.

ಬಾಗಿಲು ತೆರೆಯಿತು. ಬೆಳಗಿನಿಂದ ಸಂತೆಯಲ್ಲಿ ಕೂಗಿ ಗಂಟಲು ಹರಿದುಕೊಂಡ ವ್ಯಾಪಾರಿಗಳು ಬಟ್ಟಲು ಹಿಡಿದರು. ಮೊದಲ ಚಮಚಕ್ಕೆ ಕಣ್ಣು ಮುಚ್ಚಿದರು. ನೂರು ಜನ ನಿಂತಿದ್ದ ಬೀದಿಯಲ್ಲಿ ಚಮಚದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಏಜೆಂಟ್ ಎರಡು ಬಟ್ಟಲು ತಿಂದ. ಕೈ ಒರೆಸಿಕೊಳ್ಳಲು ಜೇಬು ತಡಕಿದ. ಸಿಕ್ಕಿದ್ದು ಆ ಕಾಗದ. ಅದರಲ್ಲೇ ಒರೆಸಿಕೊಂಡು ಹೋದ.

ಜನ ಚದುರಿದ ಮೇಲೆ ಸೊಸೆ ಪೀಪಾಯಿಯೊಳಗೆ ಇಣುಕಿದಳು. ಗಡ್ಡೆ ಇರಲಿಲ್ಲ. ಬರೀ ಉಪ್ಪುನೀರು. ಅದನ್ನು ಮೋರಿಗೆ ಚೆಲ್ಲುವಾಗ, ಅವಳ ಜನ್ಮದಲ್ಲೇ ಮೊದಲ ಸಲ, ಅವಳಿಗೆ ಪೋಲಾಯಿತು ಎನಿಸಲಿಲ್ಲ.

ಗುರುಗಳು ಕಥೆ ಮುಗಿಸಿದರು. ಶಿಷ್ಯ ಕೇಳಿದ: "ಜನರಿಗೆ ತಂಪಾಯಿತು, ಸೊಸೆಗೆ ಹಿಡಿಕೆ ಸಿಕ್ಕಿತು, ಎಲ್ಲ ಸರಿ. ಆದರೆ ಗುರುಗಳೇ, ಮಂಜುಗಡ್ಡೆ ಹೋಯಿತಲ್ಲ?"

ಗುರುಗಳು ಬೀಸಣಿಗೆಯನ್ನು ಮತ್ತೆ ಕೈಗೆತ್ತಿಕೊಂಡು ಹೇಳಿದರು: "ಗೋಣಿಯಡಿ ಭದ್ರವಾಗಿಟ್ಟಿದ್ದರೂ ಸಂಜೆಯ ಹೊತ್ತಿಗೆ ಹೋಗುತ್ತಿತ್ತು, ಮಗು."