ಮಂಜಿಯ ಕೈಪಂಪು

"ಗುರುಗಳೇ, ತಪ್ಪನ್ನು ಸರಿಪಡಿಸಿದ ಮೇಲೂ ಅದನ್ನು ಹೇಳಿಕೊಳ್ಳಬೇಕೆ?" ಎಂದು ಶಿಷ್ಯ ಕೇಳಿದ. "ಕೆಟ್ಟದ್ದು ಸರಿಯಾಯಿತು. ಈಗ ಯಾರಿಗೂ ತೊಂದರೆಯಿಲ್ಲ. ಆಮೇಲೂ ಬಾಯಿಬಿಟ್ಟು ಹೇಳುವುದರಿಂದ ಬರುವುದೇನು?"

ಗುರುಗಳು ಅವನ ಮುಖ ನೋಡಿದರು. ಆಮೇಲೆ ಒಂದು ಕಥೆ ಹೇಳತೊಡಗಿದರು.

ಕರಾವಳಿಯಲ್ಲಿ ಒಬ್ಬ ತಾಂಡೇಲನಿದ್ದ, ಅಂದರೆ ದೋಣಿ ನಡೆಸುವ ಯಜಮಾನ. ಮಂಜಿಯೆಂಬ ಮರದ ದೊಡ್ಡ ದೋಣಿಯಲ್ಲಿ ಹಂಚು, ಅಕ್ಕಿ ತುಂಬಿಸಿಕೊಂಡು ದ್ವೀಪಗಳಿಗೆ ಮುಟ್ಟಿಸುವುದು ಅವನ ಕೆಲಸ. ಮಂಜಿಯಲ್ಲಿ ಅವನೂ ಸೇರಿ ಏಳು ಜನ. ಅವರಿಗೆಲ್ಲ ಅಡಿಗೆ ಮಾಡಿ ಬಡಿಸುವವನು ಜಟ್ಟಣ್ಣ. ವಯಸ್ಸು ಅರವತ್ತು ದಾಟಿತ್ತು. ತಾಂಡೇಲ ಹುಟ್ಟುವ ಮೊದಲೇ ಅವನು ಕಡಲಿಗಿಳಿದವನು.

ಮಂಜಿಯ ತಳದಲ್ಲಿ ಕುಡಿಯುವ ನೀರಿನ ಟಾಂಕಿ ಇತ್ತು. ಅಡಿಗೆ ಮಾಡುವ ಕೋಣೆಯಲ್ಲಿ ಒಂದು ಕೈಪಂಪು. ಹಿಡಿಕೆ ಒತ್ತಿದರೆ ನಲ್ಲಿಯಲ್ಲಿ ನೀರು ಬೀಳುತ್ತಿತ್ತು. ಸುತ್ತ ಕಡಲೇ ಇದ್ದರೂ ಏಳು ಜನರ ಬಾಯಿಗೆ ಒದಗುವ ನೀರು ಅದೊಂದೇ.

ಹೊರಟ ಮರುದಿನ ಬೆಳಿಗ್ಗೆ ಜಟ್ಟಣ್ಣ ಬಂದು, "ತಾಂಡೇಲರೇ, ಪಂಪು ಬಹಳ ಬಿಗಿಯಾಗಿದೆ. ಎಷ್ಟು ಒತ್ತಿದರೂ ನೀರು ನೂಲಿನ ಹಾಗೆ ಇಳಿಯುತ್ತದೆ" ಎಂದ.

ತಾಂಡೇಲ ಉದಾಸೀನ ಮಾಡುವವನಲ್ಲ. ಮೊದಲು ಟಾಂಕಿಯ ಮುಚ್ಚಳ ತೆಗೆದು ಕೋಲು ಇಳಿಸಿ ನೋಡಿದ. ನೀರು ಮುಕ್ಕಾಲಿಗಿಂತ ಹೆಚ್ಚಿತ್ತು. ಮುಚ್ಚಳವನ್ನು ಪಕ್ಕಕ್ಕಿಟ್ಟು ಅಡಿಗೆ ಕೋಣೆಗೆ ಬಂದು ಹಿಡಿಕೆ ಒತ್ತಿದ. ನೀರು ಧಾರೆಯಾಗಿ ಬಿದ್ದು ಅವನ ಕಾಲು ತೋಯಿಸಿತು. ಅವನು ಹೋಗಿ ಮುಚ್ಚಳ ಹಾಕಿ ಚುಕ್ಕಾಣಿ ಹಿಡಿದ.

ಮಧ್ಯಾಹ್ನ ಜಟ್ಟಣ್ಣ ಮತ್ತೆ ಬಂದ. ಈ ಸಲ ತಾಂಡೇಲ ಪಂಪನ್ನೇ ಬಿಚ್ಚಿದ. ವಾಷರ್ ಚೆನ್ನಾಗಿತ್ತು. ಜಾಲರಿಯಲ್ಲಿ ಕಸವಿರಲಿಲ್ಲ. ಪೈಪನ್ನು ಮೊದಲಿಂದ ಕೊನೆಯವರೆಗೆ ಕೈಯಾಡಿಸಿ ನೋಡಿದ. ಎಲ್ಲೂ ಮಡಚಿರಲಿಲ್ಲ, ಎಲ್ಲೂ ಸೀಳಿರಲಿಲ್ಲ. ಎಲ್ಲ ಜೋಡಿಸಿ, ಟಾಂಕಿಯ ಮುಚ್ಚಳ ತೆಗೆದು ಇನ್ನೊಮ್ಮೆ ನೋಡಿ ಬಂದು ಒತ್ತಿದ. ನೀರು ಧಾರಾಳವಾಗಿ ಬಂತು. ಹೋಗಿ ಮುಚ್ಚಳ ಹಾಕಿದ.

ಆ ಸಂಜೆ ಊಟ ತಡವಾಯಿತು. ಅನ್ನ ಅರೆಬೆಂದಿತ್ತು. ಏಳು ಜನರ ನಡುವೆ ಒಂದೇ ತಂಬಿಗೆ ನೀರು. ಎಲ್ಲರೂ ತಾಂಡೇಲನ ಮುಖ ನೋಡಿದರು. ತಾಂಡೇಲನಿಗೆ ಬೇಸರ ಬಂತು.

"ಜಟ್ಟಣ್ಣ, ಟಾಂಕಿಯಲ್ಲಿ ನೀರಿದೆ. ಪಂಪು ಸರಿಯಿದೆ. ನಾನು ಒತ್ತಿದರೆ ಬರುವ ನೀರು ನೀವು ಒತ್ತಿದರೆ ಬರುವುದಿಲ್ಲ. ಸೋತಿರುವುದು ಪಂಪಲ್ಲ, ನಿಮ್ಮ ಕೈ. ಈ ಸಲ ಊರಿಗೆ ಹೋದ ಮೇಲೆ ಮನೆಯಲ್ಲಿ ಆರಾಮವಾಗಿ ಇದ್ದುಬಿಡಿ" ಎಂದ.

ಜಟ್ಟಣ್ಣ ತನ್ನ ಅಂಗೈಯನ್ನೊಮ್ಮೆ ನೋಡಿಕೊಂಡ. ಬೆರಳು ಮಡಚಿದ, ಬಿಡಿಸಿದ. ತಾಂಡೇಲ ಅದನ್ನು ಕಂಡ. ತಾನು ಒರಟಾಗಿ ಹೇಳಲಿಲ್ಲ, ಇದ್ದದ್ದನ್ನೇ ಹೇಳಿದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಆದರೂ ಊಟ ಅರ್ಧಕ್ಕೇ ಬಿಟ್ಟು ಎದ್ದ.

ಆಮೇಲೆ ಜಟ್ಟಣ್ಣ ದೂರು ಹೇಳಲು ಬರಲಿಲ್ಲ. ಇನ್ನೊಬ್ಬರನ್ನು ಸಹಾಯಕ್ಕೂ ಕರೆಯಲಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು ಎರಡೂ ಕೈಯಿಂದ ಹಿಡಿಕೆ ಒತ್ತುತ್ತ ಕೂರುತ್ತಿದ್ದ. ಒಂದು ಕೊಡ ತುಂಬುವುದರೊಳಗೆ ಮೈಯೆಲ್ಲ ಬೆವರುತ್ತಿತ್ತು. ಉಳಿದವರಿಗೆ ಕೊಟ್ಟು, ತಾನು ತುಟಿ ಒದ್ದೆ ಮಾಡಿಕೊಳ್ಳುವಷ್ಟೇ ಕುಡಿಯುತ್ತಿದ್ದ.

ಅದಾದ ಮೂರನೆಯ ದಿನ, ಮಂಜಿಯನ್ನು ಮುಂದಕ್ಕೆ ತಳ್ಳಲು ನೀರಿನಡಿ ತಿರುಗುವ ಎಂಜಿನ್ ಫ್ಯಾನಿಗೆ ಯಾರೋ ಬಿಟ್ಟ ಬಲೆಯ ತುಂಡು ಸುತ್ತಿಕೊಂಡಿತು. ಎಂಜಿನ್ ನಿಲ್ಲಿಸಿದರು. ಒಬ್ಬ ಚೂರಿ ಹಿಡಿದು ಮುಳುಗಿದ. ಉಳಿದವರು ಹಿಂಬದಿಯಲ್ಲಿ ಬಗ್ಗಿ ನೋಡುತ್ತ ನಿಂತರು. ಹೊರಟಂದಿನಿಂದ ಮೊದಲ ಸಲ ಮಂಜಿ ನಿಶ್ಶಬ್ದವಾಗಿತ್ತು.

ತಡವಾಗುತ್ತದೆಂದು ತೋರಿ, ನೀರು ಎಷ್ಟು ಉಳಿದಿದೆ ನೋಡೋಣವೆಂದು ತಾಂಡೇಲ ಟಾಂಕಿಯ ಮುಚ್ಚಳ ತಿರುಗಿಸಿದ.

ಸುಯ್ಯೆಂದು ಸದ್ದಾಯಿತು. ಟಾಂಕಿ ದೀರ್ಘವಾಗಿ ಗಾಳಿ ಎಳೆದುಕೊಂಡಿತು. ಮೊದಲೂ ಹೀಗೆಯೇ ಎಳೆದಿರಬೇಕು. ಎಂಜಿನ್ನಿನ ಗದ್ದಲದಲ್ಲಿ ಕೇಳಿರಲಿಲ್ಲ.

ತಾಂಡೇಲನ ಕೈ ಅಲ್ಲೇ ನಿಂತಿತು. ನೀರು ಹೊರಗೆ ಹೋದಷ್ಟೂ ಟಾಂಕಿಯೊಳಗೆ ಗಾಳಿ ಬರಬೇಕು. ಅದಕ್ಕೆಂದೇ ಒಂದು ಸಣ್ಣ ಕೊಳವೆಯಿದೆ. ಅದು ಮುಚ್ಚಿದರೆ ಟಾಂಕಿ ನೀರನ್ನು ಬಿಡುವುದಿಲ್ಲ, ಹಿಂದಕ್ಕೆ ಎಳೆಯುತ್ತದೆ. ಮುಚ್ಚಳ ತೆಗೆದಾಗ ಮಾತ್ರ ಗಾಳಿ ಅಲ್ಲಿಂದ ಒಳಗೆ ಹೋಗುತ್ತದೆ. ತಾನು ಪರೀಕ್ಷೆ ಮಾಡಿದ ಎರಡೂ ಸಲ ಮುಚ್ಚಳ ತೆಗೆದಿಟ್ಟೇ ಒತ್ತಿದ್ದ.

ಅವನು ಮಂಜಿಯ ಮುಂಭಾಗಕ್ಕೆ ಹೋದ. ಕೊಳವೆಯ ಬಾಯಲ್ಲಿ ಬಟ್ಟೆ ಬಿಗಿಯಾಗಿ ಸೇರಿಕೊಂಡಿತ್ತು. ಯಾರ ಕೆಲಸ ಎಂದು ಕೇಳಬೇಕಾಗಿರಲಿಲ್ಲ. ಹೊರಟ ದಿನ, ನದಿ ಕಡಲಿಗೆ ಸೇರುವ ಅಳಿವೆಯನ್ನು ದಾಟುವಾಗ ಅಲೆ ಮೇಲೆ ಬಂದು ಹೊಡೆಯುತ್ತಿತ್ತು. ಉಪ್ಪುನೀರು ಟಾಂಕಿಗೆ ಇಳಿದೀತೆಂದು ಹೆದರಿ, ಹಳೆಯ ಲುಂಗಿಯ ಚೂರನ್ನು ತಾಂಡೇಲನೇ ತುರುಕಿದ್ದ. ಆಳಕ್ಕೆ ಹೋದ ಮೇಲೆ ತೆಗೆಯೋಣವೆಂದುಕೊಂಡು ಮರೆತಿದ್ದ.

ಬಟ್ಟೆಯನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದ. ಸುತ್ತ ನೋಡಿದ. ಯಾರೂ ಇತ್ತ ನೋಡುತ್ತಿರಲಿಲ್ಲ. ಬೆರಳು ಸಡಿಲಿಸಿದರೆ ಅದು ಕಡಲಿಗೆ ಬೀಳುತ್ತಿತ್ತು. ಇನ್ನು ನೀರು ಚೆನ್ನಾಗಿಯೇ ಬರುತ್ತದೆ. ತಾಂಡೇಲನ ಕಣ್ಣು ತಪ್ಪುವುದಿಲ್ಲವೆಂದು ನಂಬಿ ಬಂದವರು ಅವರು. ಆ ನಂಬಿಕೆಯನ್ನು ಯಾಕೆ ಕೆಡಿಸಬೇಕು? ಜಟ್ಟಣ್ಣ ಅಂಗೈ ನೋಡಿಕೊಂಡದ್ದು ನೆನಪಾಗಿ, ಬಟ್ಟೆಯನ್ನು ಹಿಡಿದೇ ಹಿಂದಕ್ಕೆ ನಡೆದ.

ಮುಳುಗಿದವನು ಬಲೆ ಬಿಡಿಸಿ ಮೇಲೆ ಬಂದ. ತಾಂಡೇಲ ಎಲ್ಲರನ್ನೂ ಅಡಿಗೆ ಕೋಣೆಯ ಬಾಗಿಲಿಗೆ ಕರೆದ. ಕೈ ಸೋತಿದೆಯೆಂಬ ಮಾತನ್ನು ಎಲ್ಲರ ಎದುರಿಗೆ ಆಡಿದ್ದ, ಇದನ್ನೂ ಎಲ್ಲರ ಎದುರಿಗೇ ಆಡಬೇಕಿತ್ತು. ಬಟ್ಟೆಯ ಚೂರನ್ನು ಜಟ್ಟಣ್ಣನ ಮುಂದಿಟ್ಟ.

"ಗಾಳಿ ಹೋಗುವ ಕೊಳವೆಗೆ ಇದನ್ನು ತುರುಕಿದವನು ನಾನು. ತುರುಕಿ ಮರೆತೆ. ಮರೆತು ನಿಮ್ಮನ್ನು ಅಂದೆ. ತಪ್ಪು ನನ್ನದು, ಜಟ್ಟಣ್ಣ."

ಜಟ್ಟಣ್ಣ ಬಟ್ಟೆಯನ್ನು ನೋಡಲಿಲ್ಲ. ತಾಂಡೇಲನನ್ನೇ ನೋಡಿದ. "ಹಾಗಾದರೆ ನನ್ನ ಕೈಗೆ ಏನೂ ಆಗಿಲ್ಲವೆ?"

"ಏನೂ ಆಗಿಲ್ಲ. ಗಾಳಿಯಿಲ್ಲದ ಟಾಂಕಿಯಿಂದ ಏಳು ಜನಕ್ಕೆ ನೀರೆಳೆದು ಕೊಟ್ಟಿದ್ದೀರಿ. ನನ್ನಿಂದ ಆಗುತ್ತಿರಲಿಲ್ಲ."

ಜಟ್ಟಣ್ಣ ದೊಡ್ಡದಾಗಿ ಉಸಿರುಬಿಟ್ಟ. ಹಿಡಿಕೆಯನ್ನು ಒಂದೇ ಕೈಯಿಂದ ಒತ್ತಿದ. ನೀರು ಭರ್ರನೆ ಬಂತು. ತಂಬಿಗೆ ತುಂಬಿಸಿ ಗಟಗಟನೆ ಕುಡಿದ. ನೀರು ಗಡ್ಡದಿಂದ ಎದೆಗೆ ಇಳಿಯಿತು. ಅವನು ನಗತೊಡಗಿದ. ಅವನ ನಗು ನೋಡಿ ಉಳಿದವರಿಗೂ ನಗು ಬಂತು. ಮುಳುಗಿ ಬಂದವನು ಉಪ್ಪು ಮೆತ್ತಿದ ತಲೆ ಬಗ್ಗಿಸಿ ನಿಂತ. ಜಟ್ಟಣ್ಣ ಅವನ ತಲೆಗೊಂದು ತಂಬಿಗೆ ಸುರಿದ. ಆಮೇಲೆ ಇನ್ನೊಂದು ತುಂಬಿಸಿ ತಾಂಡೇಲನ ಕೈಗೆ ಕೊಟ್ಟ. ತಾಂಡೇಲ ಅದನ್ನು ಕುಳಿತು ಕುಡಿದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

"ಒಳ್ಳೆಯದಾಯಿತು ಗುರುಗಳೇ" ಎಂದ ಶಿಷ್ಯ. "ಆ ಮುದುಕನ ಮನಸ್ಸು ಹಗುರಾಯಿತಲ್ಲ."

ಗುರುಗಳು ಕೇಳಿದರು: "ತಾಂಡೇಲ ಹೇಳುವವರೆಗೂ ಅವನ ತಪ್ಪನ್ನು ಜಟ್ಟಣ್ಣ ಹೊತ್ತಿದ್ದ. ನಿನ್ನ ತಪ್ಪನ್ನು ಈಗ ಯಾರು ಹೊತ್ತುಕೊಂಡಿದ್ದಾರೆ?"