ವಕೀಲರ ಕಚೇರಿಯ ಬೆಂಚು

ಹೊಸ ತಿರುಗುಕುರ್ಚಿ ವಕೀಲರ ಕಚೇರಿಗೆ ಬಂದು ಹಳೆಯ ಬೆಂಚಿನ ಪಕ್ಕ ನಿಂತಿತು.

"ಅಜ್ಜಾ, ಸಂಜೆ ನಿನ್ನನ್ನು ಒಯ್ಯಲು ಗುಜರಿಯವನು ಬರುತ್ತಾನಂತೆ," ಎಂದಿತು ಕುರ್ಚಿ. "ಬರಲೇಬೇಕು ಬಿಡು. ನಿನ್ನ ಕಾಲುಗಳೆಲ್ಲ ನಡುವೆಯೇ ಇವೆ. ಒಂದು ತುದಿಯವನು ಎದ್ದರೆ ಇನ್ನೊಂದು ತುದಿಯವನು ನೆಲಕ್ಕೆ!"

"ಈ ಕಚೇರಿ ತೆರೆದ ದೊಡ್ಡ ವಕೀಲರೇ ಬಡಗಿಯನ್ನು ಎದುರು ಕೂರಿಸಿಕೊಂಡು ಹಾಗೆ ಮಾಡಿಸಿದರು, ತಮ್ಮಾ. ಅವರ ಮಗನೂ ಕಾಲು ಸರಿಸಲಿಲ್ಲ. ಈಗ ವಕೀಲಿಕೆ ಮಾಡುವ ಮೊಮ್ಮಗಳಿಗೆ ನಾನು ಬೇಡ," ಎಂದಿತು ಬೆಂಚು.

ಅಷ್ಟರಲ್ಲಿ ಗುರುಪಾದಪ್ಪ ಮತ್ತು ಅವನ ತಮ್ಮ ಈರಣ್ಣ ಒಳಗೆ ಬಂದರು. ಅಪ್ಪನ ಹಿಟ್ಟಿನ ಗಿರಣಿಗಾಗಿ ಜಗಳವಾಡಿ ಇಬ್ಬರೂ ವರ್ಷದಿಂದ ಮಾತು ಬಿಟ್ಟಿದ್ದರು. ಬೆಂಚಿನ ಒಂದೊಂದು ತುದಿಯಲ್ಲಿ ಮುಖ ತಿರುಗಿಸಿ ಕೂತರು.

"ರಾಜಿ ಆಗುತ್ತೀರಾ?" ಎಂದು ಕೇಳಿದಳು ಮೊಮ್ಮಗಳು ಸುಮಿತ್ರಾ.

"ಇವನ ಜೊತೆಗಾ? ಕೇಸು ಹಾಕಿ!" ಎಂದು ಗುರುಪಾದಪ್ಪ ಸಿಟ್ಟಿನಿಂದ ಎದ್ದ. ಬೆಂಚು ವಾಲಿತು.

"ಅಣ್ಣಾ, ಏಳಬೇಡ್ವೋ! ಬಿದ್ದೆ!" ಎಂದು ಈರಣ್ಣ ಕೂಗಿಕೊಂಡ.

ಗುರುಪಾದಪ್ಪ ಧೊಪ್ಪನೆ ಕೂತುಬಿಟ್ಟ. ತಮ್ಮನನ್ನು ಮೇಲಿಂದ ಕೆಳಗೆ ನೋಡಿದ.

"ಎಷ್ಟು ದಪ್ಪ ಆಗಿದ್ದೀಯೋ! ಗಿರಣಿ ಹಿಟ್ಟೆಲ್ಲ ಒಬ್ಬನೇ ತಿಂದೆಯಾ?"

"ಅದಕ್ಕೇ ಹೇಳಿದ್ದು, ನೀನು ಕೂತೇ ಇರು."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಸುಮಿತ್ರಾ ಗೋಡೆಯ ಮೇಲಿದ್ದ ತನ್ನ ಅಜ್ಜನ ಫೋಟೋದ ಕಡೆ ನೋಡಿ, ಚಹಾ ತರಿಸಿದಳು. ಮಧ್ಯಾಹ್ನ ಅಣ್ಣತಮ್ಮಂದಿರು ಜೊತೆಯಾಗಿಯೇ ಎದ್ದರು.

ಸಂಜೆ ಗುಜರಿಯವನು ಬಂದ. ಸುಮಿತ್ರಾ ಅವನ ಗಾಡಿಗೆ ಒಂದು ಕೆಟ್ಟ ಫ್ಯಾನು ಹಾಕಿಸಿ ಕಳಿಸಿದಳು.